ಅಂಕಿ-ಅಂಶಗಳನ್ನು ಕಲೆಯಾಗಿ ವೆಬ್ ಪುಟದಲ್ಲಿ ಬಳಸಬಹುದೇ?

ಬಾರ್ ಚಾರ್ಟ್‌ನ ಆಚೆಗೂ ಡೇಟಾಗೆ ಕಲೆಯಲ್ಲಿ, ವೆಬ್ ವಿನ್ಯಾಸದಲ್ಲಿ ಜಾಗ ಇದೆಯೇ ಎಂದು ಕೇಳಿದ್ದೀರಿ. ಖಂಡಿತ ಇದೆ.

ನನಗೆ ಬಹಳ ಇಷ್ಟವಾದದ್ದು ಬ್ರಿಟನ್ನಿನ ಹವಾಮಾನ ವಿಜ್ಞಾನಿ ಎಡ್ ಹಾಕಿನ್ಸ್ 2018ರಲ್ಲಿ ರೂಪಿಸಿದ 'ವಾರ್ಮಿಂಗ್ ಸ್ಟ್ರೈಪ್ಸ್'. ವರ್ಷಕ್ಕೊಂದು ಉದ್ದನೆಯ ಪಟ್ಟಿ. ಸರಾಸರಿಗಿಂತ ತಂಪಾದ ವರ್ಷಕ್ಕೆ ನೀಲಿ, ಬಿಸಿಯಾದ ವರ್ಷಕ್ಕೆ ಕೆಂಪು. ಅಂಕಿಯಿಲ್ಲ, ಅಕ್ಷರವಿಲ್ಲ. ಎಡಗಡೆಯ ನೀಲಿ ಬಲಕ್ಕೆ ಬರುತ್ತಾ ಕಡುಗೆಂಪಾಗುವುದನ್ನು ಕಂಡರೆ ಸಾಕು, ಭೂಮಿ ಬಿಸಿಯಾಗುತ್ತಿರುವುದು ಓದು ಬಾರದವರಿಗೂ ತಟ್ಟುತ್ತದೆ. ಟೈ, ಸ್ಕಾರ್ಫ್‌ಗಳ ಮೇಲೂ ಈ ಪಟ್ಟಿಗಳು ಬಂದವು.

ಚಲನೆ ಬೇಕೆಂದರೆ ಡೇಟಾವನ್ನು ಚಿತ್ರವಾಗಿಸುವ ಕಲಾವಿದರಾದ ಫರ್ನಾಂಡಾ ವಿಯೆಗಸ್, ಮಾರ್ಟಿನ್ ವ್ಯಾಟನ್‌ಬರ್ಗ್ ಅವರ 'ವಿಂಡ್ ಮ್ಯಾಪ್' (2012) ಎಂಬ ವೆಬ್ ನಕ್ಷೆ ನೋಡಿ. ಅಮೆರಿಕದ ಮೇಲೆ ಬೀಸುವ ಗಾಳಿ ಅಲ್ಲಿ ಬಿಳಿ ಎಳೆಗಳಾಗಿ ಹರಿಯುತ್ತದೆ.

ನಿಮ್ಮ ಪುಟಕ್ಕೆ ಮೊದಲು ಪಟ್ಟಿಗಳನ್ನೇ ಪ್ರಯತ್ನಿಸಿ. ನಿಮ್ಮೂರಿನ ವಾರ್ಷಿಕ ಮಳೆಯ ಲೆಕ್ಕ ಸಿಕ್ಕರೆ, ಎಸ್‌ವಿಜಿಯಲ್ಲಿ (ಆಕಾರಗಳನ್ನು ಕೋಡ್‌ನಲ್ಲಿ ಬರೆದಿಡುವ ಚಿತ್ರ ಮಾದರಿ) ವರ್ಷಕ್ಕೊಂದು ಆಯತ ಬರೆದು ಪುಟದ ಮೇಲ್ಭಾಗದ ಹೆಡರ್‌ನಲ್ಲಿ ಕೂರಿಸಿ. ಅದರ ಫೈಲ್ ಫೋಟೋಗಿಂತ ಎಷ್ಟೋ ಹಗುರ. ಕೆಂಪು-ಹಸಿರು ಜೋಡಿ ಮಾತ್ರ ಬೇಡ, ಬಣ್ಣಗುರುಡು ಇರುವ ಹಲವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಬಳಸುವವರಿಗಾಗಿ ಚಿತ್ರ ಏನು ಹೇಳುತ್ತಿದೆ ಎಂಬುದನ್ನು ಒಂದು ವಾಕ್ಯದಲ್ಲಿ ಆಲ್ಟ್ ಪಠ್ಯವಾಗಿ (ಚಿತ್ರದ ಬದಲಿಗೆ ಓದಿ ಹೇಳುವ ವಿವರಣೆ) ಸೇರಿಸಿ.