ಮಧ್ಯಾಹ್ನ ಟೈರ್ ಒತ್ತಡ ಏರಿದೆ ಎಂದು ಬೈಕಿನ ಸೆನ್ಸರ್ ತೋರಿಸಿದರೆ ಗಾಳಿ ಬಿಡಬೇಕೇ?

ದಯವಿಟ್ಟು ಬಿಡಬೇಡಿ. ಬಳ್ಳಾರಿಯಲ್ಲಿ ಬೆಳಿಗ್ಗೆ 28 ಪಿಎಸ್‌ಐ (ಟೈರ್ ಒತ್ತಡದ ಅಳತೆ) ಇದ್ದದ್ದು ಬಿಸಿಲಿನಲ್ಲಿ ಸಂಡೂರು ಮುಟ್ಟುವಷ್ಟರಲ್ಲಿ 32 ಆಗುತ್ತದೆ ಎಂದಿದ್ದೀರಿ. ಅದು ಸೆನ್ಸರ್‌ನ ದೋಷವಲ್ಲ. ಟೈರಿನೊಳಗಿನ ಗಾಳಿ ಸುಮಾರು 6 ಡಿಗ್ರಿ ಸೆಲ್ಸಿಯಸ್ ಕಾದರೆ ಒತ್ತಡ ಹೆಚ್ಚುಕಡಿಮೆ 1 ಪಿಎಸ್‌ಐ ಏರುತ್ತದೆ. ಬೈಕಿನ ಕೈಪಿಡಿಯಲ್ಲಿರುವ ಅಂಕಿ ತಣ್ಣಗಿರುವ ಟೈರಿನದು. ಈ ಏರಿಕೆಯನ್ನು ಲೆಕ್ಕಕ್ಕೆ ಹಿಡಿದೇ ಅದನ್ನು ಕೊಟ್ಟಿರುತ್ತಾರೆ. ಕಾದಾಗ 28ಕ್ಕೆ ಬರುವಂತೆ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಒತ್ತಡ ಸುಮಾರು 24ಕ್ಕೆ ಇಳಿದಿರುತ್ತದೆ. ಗಾಳಿ ಕಡಿಮೆಯಾದ ಟೈರ್ ಹೆಚ್ಚು ಬಾಗಿ, ಇನ್ನೂ ಹೆಚ್ಚು ಕಾಯುತ್ತದೆ.

ನೀವು ಗಮನಿಸಬೇಕಾದದ್ದು ಇಳಿಕೆಯನ್ನು. ನಮ್ಮ ಕಡೆಯ ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿದರೆ ಟ್ಯೂಬ್‌ಲೆಸ್ ಟೈರ್ ಒಮ್ಮೆಲೇ ಕೂರುವುದಿಲ್ಲ, ಮೆಲ್ಲಗೆ ಸೋರುತ್ತದೆ. ಓಡುವಾಗ ಏರಬೇಕಾದ ಅಂಕಿ ಇಳಿಯತೊಡಗಿದರೆ ಗಾಡಿ ನಿಲ್ಲಿಸಿ ನೋಡಿ. ಸೆನ್ಸರ್‌ನ ನಿಜವಾದ ಉಪಯೋಗ ಇದೇ.

ಇನ್ನೊಂದು ಮಾತು, ಇದನ್ನು ಹಲವರು ಕಡೆಗಣಿಸುತ್ತಾರೆ. ಗಾಳಿ ತುಂಬುವ ವಾಲ್ವ್‌ನ ಮುಚ್ಚಳದ ಜಾಗದಲ್ಲಿ ತಿರುಗಿಸಿ ಕೂರಿಸುವ ಸೆನ್ಸರ್‌ನ ಭಾರಕ್ಕೆ, ವೇಗದಲ್ಲಿ ರಬ್ಬರ್ ವಾಲ್ವ್ ಹೊರಕ್ಕೆ ಬಾಗುತ್ತದೆ; ಹಳೆಯದಾದರೆ ಬುಡದಲ್ಲಿ ಸೀಳಬಹುದು. ಲೋಹದ ವಾಲ್ವ್ ಹಾಕಿಸಿ. ಸೆನ್ಸರ್ ಕೂರಿಸಿದ ಮೇಲೆ ಸಾಬೂನಿನ ನೀರು ಸವರಿ: ಸಣ್ಣ ಗುಳ್ಳೆಯೊಂದು ಉಬ್ಬಿದರೂ ಸೋರಿಕೆ ಇದೆ ಎಂದೇ ಅರ್ಥ.

ತಂದೆಯವರ ಸ್ಕೂಟರ್‌ಗೆ ಪಕ್ಕದ ಚಕ್ರಗಳಿವೆ ಎಂದಿದ್ದೀರಿ. ಅದಕ್ಕೆ ಎರಡು ಸೆನ್ಸರ್‌ಗಳ ಕಿಟ್ ಸಾಲದು, ನಾಲ್ಕರದು ಬೇಕು.