ಟೈಲ್ಸ್ ಹಾಕಿದ್ದು ನಾನು, ಗುತ್ತಿಗೆದಾರ ಕೈಯೆತ್ತಿದ್ದಾನೆ: ಆ ಮನೆಯ ಮೇಲೆ ಲಿಯನ್ ಹಾಕಬಹುದೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ಮನೆಯೊಂದರಲ್ಲಿ ಎರಡು ಬಚ್ಚಲುಮನೆಗಳಿಗೆ ಟೈಲ್ಸ್ ಹಾಕಿದ್ದೀರಿ. ಮುಖ್ಯ ಗುತ್ತಿಗೆದಾರ 11,000 ಡಾಲರ್ ಬಾಕಿ ಉಳಿಸಿಕೊಂಡು ಫೋನ್ ಎತ್ತುತ್ತಿಲ್ಲ. ಮನೆಯವರು ‘ನಾವು ಅವನಿಗೆ ಪೂರ್ತಿ ಕೊಟ್ಟಾಗಿದೆ’ ಎನ್ನುತ್ತಾರೆ. ಕೆಲಸ ಮುಗಿದು ಐದು ವಾರವಾಗಿದೆ. ನಾನು ವಕೀಲನಲ್ಲ. ಹದಿನಾರು ವರ್ಷಗಳಿಂದ ಇದೇ ಬೇ ಏರಿಯಾದಲ್ಲಿ ನೆಲಕ್ಕೆ ಮರದ ಹಲಗೆ ಹಾಸುವ ಉಪಗುತ್ತಿಗೆ ಮಾಡುತ್ತಿದ್ದೇನೆ. ಪೆಟ್ಟು ತಿಂದೇ ಇದನ್ನೆಲ್ಲ ಕಲಿತವನು.

ಹಾಕಬಹುದು. ಮನೆಯವರು ಪೂರ್ತಿ ಹಣ ಕೊಟ್ಟಿದ್ದರೂ ಹಾಕಬಹುದು. ಲಿಯನ್ ಎಂದರೆ ಬಾಕಿ ಹಣಕ್ಕಾಗಿ ಆಸ್ತಿಯ ಮೇಲೆ ದಾಖಲಿಸುವ ಹಕ್ಕು. ಮಜೂರಿ ಕೊಡದಿದ್ದರೆ ಅಕ್ಕಸಾಲಿಗ ಒಡವೆಯನ್ನೇ ಇಟ್ಟುಕೊಳ್ಳುತ್ತಾನೆ. ಭಾರತದಲ್ಲಿ ಕರಾರು ಕಾಯ್ದೆಯ 170ನೇ ಕಲಂ ಅದನ್ನು ಒಪ್ಪುತ್ತದೆ. ಗೋಡೆಗೆ ಕೂತ ಟೈಲ್ಸನ್ನು ಹಾಗೆ ಚೀಲದಲ್ಲಿ ಹಾಕಿಕೊಂಡು ಬರಲಾಗುವುದಿಲ್ಲವಲ್ಲ. ಅದಕ್ಕೇ ಕ್ಯಾಲಿಫೋರ್ನಿಯಾ ತನ್ನ ಸಂವಿಧಾನದ 14ನೇ ವಿಧಿಯಲ್ಲಿಯೇ ದುಡಿದವರಿಗೆ ಆಸ್ತಿಯ ಮೇಲೆ ಮೆಕ್ಯಾನಿಕ್ಸ್ ಲಿಯನ್ ಹಕ್ಕು ಕೊಟ್ಟಿದೆ. ಲಿಯನ್ ಕೂತ ಮನೆಯನ್ನು ಮಾರುವುದು, ಅದರ ಮೇಲೆ ಹೊಸ ಸಾಲ ತೆಗೆಯುವುದು ಎರಡೂ ಕಷ್ಟ.

ಆದರೆ ಒಂದು ಮಾತು ಕೇಳಲೇಬೇಕು. ಪ್ರಿಲಿಮಿನರಿ ನೋಟಿಸ್, ಅಂದರೆ ‘ಈ ಕೆಲಸ ಮಾಡುತ್ತಿರುವವನು ನಾನು, ಹಣ ಬರದಿದ್ದರೆ ಲಿಯನ್ ಹಾಕಬಹುದು’ ಎಂದು ಮೊದಲೇ ತಿಳಿಸುವ ಪತ್ರ, ಕಳಿಸಿದ್ದೀರಾ? ಉಪಗುತ್ತಿಗೆದಾರ ಕೆಲಸ ಶುರು ಮಾಡಿದ 20 ದಿನಗಳೊಳಗೆ ಮನೆಯ ಮಾಲೀಕರಿಗೆ, ಮುಖ್ಯ ಗುತ್ತಿಗೆದಾರನಿಗೆ, ಕಟ್ಟಡಕ್ಕೆ ಸಾಲ ಕೊಟ್ಟ ಬ್ಯಾಂಕ್ ಇದ್ದರೆ ಅದಕ್ಕೂ ಈ ನೋಟಿಸ್ ಕಳಿಸಬೇಕು. ತಡವಾದರೆ ನೋಟಿಸ್ ಕೊಟ್ಟ ದಿನದಿಂದ ಹಿಂದಕ್ಕೆ 20 ದಿನಗಳ ಕೆಲಸಕ್ಕೆ ಮತ್ತು ಅಲ್ಲಿಂದ ಮುಂದಿನದಕ್ಕೆ ಮಾತ್ರ ರಕ್ಷಣೆ. 2017ರಲ್ಲಿ ಫ್ರೀಮಾಂಟ್‌ನ ಒಂದು ಮನೆಯಲ್ಲಿ ನಾನು ಇದನ್ನು ಕಳಿಸಿದ್ದು 45ನೇ ದಿನ. ಮನೆಯವರು ನಮ್ಮ ಕಡೆಯವರೇ; ‘ನಮ್ಮ ಮೇಲೆ ನಂಬಿಕೆ ಇಲ್ಲವೇ’ ಎಂದುಕೊಂಡಾರು ಎಂಬ ಸಂಕೋಚ. ಮರ ಇಳಿಸಿದ್ದು, ಅಡಿಪದರ ಸರಿಮಾಡಿದ್ದು ಎಲ್ಲ ಮೊದಲ ಎರಡು ವಾರಗಳಲ್ಲಿ ಮುಗಿದಿತ್ತು. 14,200 ಡಾಲರ್ ಬಿಲ್ಲಿನಲ್ಲಿ 9,000 ಲಿಯನ್ನಿನ ಆಚೆ ಉಳಿಯಿತು. ಈಗ ಮೊದಲ ಹಲಗೆ ಇಳಿಸುವ ದಿನವೇ ಅಂಚೆ ಕಚೇರಿಗೆ ಹೋಗುತ್ತೇನೆ. ಪತ್ರ ತಲುಪಿದ್ದಕ್ಕೆ ಪುರಾವೆಯಾದ ಸರ್ಟಿಫೈಡ್ ಅಂಚೆಯ ಹಸಿರು ಕಾರ್ಡುಗಳನ್ನು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಕೂಡಿಟ್ಟಿದ್ದೇನೆ.

ನೋಟಿಸ್ ಹೋಗಿದ್ದರೆ ಇನ್ನು ತಾರೀಖಿನ ಲೆಕ್ಕ. ಕೆಲಸ ಮುಗಿದ ದಿನ ಎಂದರೆ ನಿಮ್ಮ ಟೈಲ್ಸ್ ಒಣಗಿದ ದಿನವಲ್ಲ, ಇಡೀ ನವೀಕರಣ ಮುಗಿದ ದಿನ. ಅಲ್ಲಿಂದ 90 ದಿನಗಳೊಳಗೆ ಲಿಯನ್ ನೋಂದಾಯಿಸಬೇಕು. ಆದರೆ ಮಾಲೀಕರು ಕೆಲಸ ಪೂರ್ಣಗೊಂಡಿತೆಂಬ ನೋಟಿಸನ್ನು ನೋಂದಾಯಿಸಿಬಿಟ್ಟಿದ್ದರೆ ನಿಮಗೆ ಆ ನೋಂದಣಿಯಿಂದ 30 ದಿನ ಮಾತ್ರ. (ಮುಖ್ಯ ಗುತ್ತಿಗೆದಾರನಿಗಾದರೆ 60.) ಮಾಲೀಕರೇ ವಾಸವಿರುವ ಸಣ್ಣ ಮನೆಯಾದರೆ ಅದನ್ನು ನಿಮಗೆ ತಿಳಿಸಬೇಕಾದ ಕಟ್ಟುಪಾಡೂ ಅವರಿಗಿಲ್ಲ. ಆದ್ದರಿಂದ ನಾಳೆಯೇ ಸ್ಯಾನ್ ಹೊಸೆ ಸೇರಿರುವ ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ ಆಸ್ತಿ ಪತ್ರಗಳನ್ನು ನೋಂದಾಯಿಸುವ ರೆಕಾರ್ಡರ್ ಕಚೇರಿಯ ದಾಖಲೆ ನೋಡಿ. ಐದು ವಾರ ಎಂದಿದ್ದೀರಿ, ನನಗೆ ಅದೇ ಆತಂಕ.

ಲಿಯನ್ನಿನಲ್ಲಿ ಬರೆಯುವ ಮೊತ್ತ ಪ್ರಾಮಾಣಿಕವಾಗಿರಲಿ. ಓಡಾಟದ ಖರ್ಚು, ಮನಸ್ಸಿನ ನೋವು ಸೇರಿಸಲು ಹೋಗಬೇಡಿ. ಮೋಸದ ಉದ್ದೇಶದಿಂದ ಉಬ್ಬಿಸಿದರೆ ಇಡೀ ಲಿಯನ್ನೇ ಬಿದ್ದುಹೋಗಬಹುದು. ಪ್ರತಿಯನ್ನು ಮಾಲೀಕರಿಗೆ ಅಂಚೆಯಲ್ಲಿ ಕಳಿಸಿ ಅದರ ಪುರಾವೆ ಇಟ್ಟುಕೊಳ್ಳಿ. ನೋಂದಾಯಿಸಿದ 90 ದಿನಗಳೊಳಗೆ ಮೊಕದ್ದಮೆ ಹೂಡದಿದ್ದರೆ ಲಿಯನ್ ಸತ್ತಂತೆ. ಆಮೇಲೂ ನೀವು ಅದನ್ನು ತೆಗೆಯದಿದ್ದರೆ ಮನೆಯವರು ನ್ಯಾಯಾಲಯಕ್ಕೆ ಹೋಗಿ ತಮ್ಮ ವಕೀಲರ ಶುಲ್ಕವನ್ನೂ ನಿಮ್ಮಿಂದಲೇ ವಸೂಲಿ ಮಾಡಬಹುದು.

ಇದೆಲ್ಲಕ್ಕೂ ಮೊದಲು ನಿಮ್ಮ ಹೆಸರಿನಲ್ಲಿ ಸಿ-54 ಟೈಲ್ಸ್ ಪರವಾನಗಿ ಇದೆಯೇ? ಪರವಾನಗಿ ಬೇಕಾದ ಕೆಲಸವನ್ನು ಅದಿಲ್ಲದೆ ಮಾಡಿದವನಿಗೆ ಲಿಯನ್ ಇರಲಿ, ಕೂಲಿ ಕೇಳುವ ಹಕ್ಕೂ ಇಲ್ಲ; ಪಡೆದದ್ದನ್ನೂ ಹಿಂದಿರುಗಿಸಬೇಕಾದೀತು.

ಗುತ್ತಿಗೆದಾರ ಈಗ ಏನಾದರೂ ಸಹಿಗೆ ತಂದರೆ ಎಚ್ಚರ. ಒಮ್ಮೆ ಒಬ್ಬ ನನ್ನ ವ್ಯಾನಿನ ಬಾನೆಟ್ ಮೇಲೆ ಕಾಗದ ಹರಡಿ, ಪೆನ್ನಿನ ಕ್ಯಾಪನ್ನೂ ತಾನೇ ತೆಗೆದು ಕೊಟ್ಟು ‘ಚೆಕ್ ನಾಳೆ’ ಎಂದ. ಅದು ಬೇಷರತ್ತಾಗಿ ಹಕ್ಕು ಬಿಟ್ಟುಕೊಡುವ ನಮೂನೆ. ಹಣ ಖಾತೆಗೆ ಬರುವವರೆಗೆ, ಹಣ ಬಂದರೆ ಮಾತ್ರ ಹಕ್ಕು ಬಿಡುವ ಷರತ್ತುಬದ್ಧ ನಮೂನೆಗಷ್ಟೇ ಸಹಿ ಹಾಕಿ.

ಲಿಯನ್ ನೋಂದಾಯಿಸುವ ಮೊದಲು, ದಿನಗಳಿದ್ದರೆ, ಮನೆಯವರಿಗೆ ಒಂದು ಫೋನ್ ಮಾಡಿ. ಎರಡು ಸಲ ಹಣ ತೆರಬೇಕಾದೀತು ಎಂದು ಗೊತ್ತಾದಾಗ ಅವರಿಗೆ ನಿಮ್ಮ ಮೇಲೆ ಸಿಟ್ಟು ಬರುತ್ತದೆ, ಅದು ಸಹಜ. ನನಗೂ ಆ ಫೋನ್ ಮಾಡುವುದೆಂದರೆ ಇಂದಿಗೂ ಹಿಂಸೆ. ಆದರೆ ಬೇರೆ ಒಪ್ಪಂದವಿಲ್ಲದಿದ್ದರೆ, ತನಗೆ ಕಂತು ಬಂದ ಏಳು ದಿನಗಳಲ್ಲಿ ಗುತ್ತಿಗೆದಾರ ನಿಮ್ಮ ಪಾಲನ್ನು ಕೊಡಬೇಕೆಂಬ ಕಾನೂನಿದೆ ಎಂದು ಅವರಿಗೆ ತಿಳಿಸಿ. ನಿಮ್ಮ ಫೋನ್ ಎತ್ತದವನು ಅವರದನ್ನು ಎತ್ತುತ್ತಾನೆ. ಹಣ ಬಂದರೆ, ಅಷ್ಟರಲ್ಲಿ ಲಿಯನ್ ಹಾಕಿದ್ದರೆ, ಬಿಡುಗಡೆ ಪತ್ರವನ್ನು ನೀವೇ ಹೋಗಿ ನೋಂದಾಯಿಸಿ ಬನ್ನಿ.