ಗುಂಡು ಹಾರುವ ಕಡೆ ಹೆಲಿಕಾಪ್ಟರ್ ಇಳಿಸುವ ಪೈಲಟ್‌ಗೆ ಭಯ ಆಗಲ್ವಾ?

ಗುಂಡು ಹಾರುತ್ತಿರುವ ಜಾಗಕ್ಕೇ ಹೋಗಿ ಗಾಯಾಳುಗಳನ್ನು ಎತ್ತಿಕೊಂಡು ಬರುತ್ತಾರಲ್ಲ, ಆ ಪೈಲಟ್‌ಗಳಿಗೆ ಭಯವೇ ಇರಲ್ವಾ ಅಂತ ಕೇಳಿದ್ದೀರಿ. ನಾನು ಸೈನ್ಯದವನಲ್ಲ. ಸಿಂಧನೂರು ಕಡೆ ಹನ್ನೊಂದು ವರ್ಷದಿಂದ ಆಂಬುಲೆನ್ಸ್ ಓಡಿಸುತ್ತೇನೆ. ರಾತ್ರಿ ಡ್ಯೂಟಿಯಲ್ಲಿ ಕಾಲ್ ಇಲ್ಲದಾಗ ಇಂಥದ್ದನ್ನೇ ಓದುತ್ತಾ ಕೂರುತ್ತೇನೆ.

ಭಯ ಇದ್ದೇ ಇರುತ್ತದೆ. ಆದರೆ ಮೊದಲನೇ ಸಲ ಹೋಗೋದು ದೊಡ್ಡದಲ್ಲ, ಅಲ್ಲಿ ಏನಿದೆ ಅಂತ ಗೊತ್ತಿರಲ್ಲ. ಗೊತ್ತಾದ ಮೇಲೆ ಮತ್ತೆ ಹೋಗಬೇಕಲ್ಲ, ಅದು ಕಷ್ಟ.

ಬ್ರೂಸ್ ಕ್ರಾಂಡಲ್ ಅಂತ ಒಬ್ಬ ಅಮೆರಿಕನ್ ಮೇಜರ್. 1965ರ ನವೆಂಬರ್ 14, ವಿಯೆಟ್ನಾಂನ ಇಯಾ ಡ್ರಾಂಗ್ ಕಣಿವೆ. ಅವತ್ತು ಅವರ ಕೆಲಸ ಸೈನಿಕರನ್ನು ಒಯ್ದು ಇಳಿಸೋದು, ಅಷ್ಟೇ. ಒಂದು ಸಲ ಇಳಿಯುವಾಗ ಅವರ ಹೆಲಿಕಾಪ್ಟರ್‌ನಲ್ಲಿದ್ದ ಮೂವರು ಸತ್ತರು, ಇನ್ನೂ ಮೂವರಿಗೆ ಗುಂಡು ತಗುಲಿತು. ಗಾಯಾಳುಗಳನ್ನು ತರಬೇಕಾದ ಹೆಲಿಕಾಪ್ಟರ್‌ನವರು ಆ ಹೊಡೆತದಲ್ಲಿ ಇಳಿಯಲು ಒಪ್ಪಲಿಲ್ಲ. (ಅವರನ್ನು ಬೈಯೋದು ಸುಲಭ, ನಾನು ಬೈಯಲ್ಲ.) ಆಗ ಕ್ರಾಂಡಲ್ ತಾವೇ ಹೊರಟರು, ಜೊತೆಗೆ ಯಾರು ಬರುತ್ತೀರಿ ಅಂದಾಗ ಕ್ಯಾಪ್ಟನ್ ಎಡ್ ಫ್ರೀಮನ್ ಬಂದರು. ಹೋಗುವಾಗ ಮದ್ದುಗುಂಡು, ಬರುವಾಗ ಗಾಯಾಳುಗಳು. ಹೆಲಿಕಾಪ್ಟರ್‌ನಲ್ಲಿ ಬಂದೂಕು ಇರಲಿಲ್ಲ. ಕ್ರಾಂಡಲ್ ಒಬ್ಬರೇ 22 ಸಲ ಹೋಗಿ ಬಂದರು, ಗುಂಡು ತಿಂದು ಕೆಟ್ಟಿದ್ದನ್ನು ಬಿಟ್ಟು ಬೇರೆಯದನ್ನು ಹತ್ತುತ್ತಾ ಮೂರು ಹೆಲಿಕಾಪ್ಟರ್ ಬದಲಾಯಿಸಿದರು. ಇಬ್ಬರೂ ಸೇರಿ ಸುಮಾರು 70 ಜನರನ್ನು ತಂದರು.

ನನಗೆ ಜಾಸ್ತಿ ಇಷ್ಟವಾದ ವಿಷಯ ಇನ್ನೊಂದಿದೆ. ಓಡಾಟದ ದೂರ ಕಡಿಮೆ ಆಗಲಿ ಅಂತ ಕ್ರಾಂಡಲ್ ತಮ್ಮ ನೆಲೆಯನ್ನೇ ಯುದ್ಧದ ಜಾಗಕ್ಕೆ ಇನ್ನೂ ಹತ್ತಿರ ತಂದುಕೊಂಡರು. ಮಸ್ಕಿಯಿಂದ ರಾಯಚೂರಿಗೆ ರೋಗಿಯನ್ನು ಒಯ್ಯುವವನಿಗೆ ಇದರ ಬೆಲೆ ಗೊತ್ತು.

ಇನ್ನು ಲೋಡಿಂಗ್. ನೆಲದ ಮೇಲಿದ್ದಾಗಲೂ ರೆಕ್ಕೆ ತಿರುಗುತ್ತಲೇ ಇರುತ್ತದೆ, ಪೈಲಟ್‌ನ ಎರಡು ಕೈ, ಎರಡು ಕಾಲು ಕಂಟ್ರೋಲ್ ಮೇಲೆ. ತಲೆ ತಗ್ಗಿಸಿ ಅಡಗೋ ಹಾಗಿಲ್ಲ, ಸುಮ್ನೆ ಕೂತಿರಬೇಕು, ಹಿಂದೆ ಜನರನ್ನು ಹತ್ತಿಸೋದು ಮುಗಿಯೋವರೆಗೆ. ತುಂಬಿದ ಮೇಲೆ ಮೇಲೇಳೋದೂ ಸುಲಭವಲ್ಲ: ಬಿಸಿಗಾಳಿ ತೆಳ್ಳಗಿರುತ್ತೆ, ರೆಕ್ಕೆಗೆ ಹಿಡಿತ ಸಿಗೋದು ಕಡಿಮೆ. ನಮ್ಮ ರಾಯಚೂರಿನ ಏಪ್ರಿಲ್ ನೆನಪು ಮಾಡ್ಕೊಳ್ಳಿ. ಎತ್ತರದ ಬೆಟ್ಟದಲ್ಲೂ ಅದೇ ತಾಪತ್ರಯ. 1999ರ ಕಾರ್ಗಿಲ್‌ನಲ್ಲಿ ನಮ್ಮ ವಾಯುಪಡೆಯ ಪೈಲಟ್‌ಗಳಾದ ಗುಂಜನ್ ಸಕ್ಸೇನಾ, ಶ್ರೀವಿದ್ಯಾ ರಾಜನ್ ಅಂಥವರು ಗಾಯಾಳುಗಳಿಗಾಗಿ ಹಾರಿಸಿದ ಚೀತಾ ಹೆಲಿಕಾಪ್ಟರ್‌ಗೆ ಇದ್ದದ್ದು ಒಂದೇ ಇಂಜಿನ್.

ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ ಫ್ರೀಮನ್‌ಗೆ ಸಿಕ್ಕಿದ್ದು 2001ರಲ್ಲಿ, ಕ್ರಾಂಡಲ್‌ಗೆ 2007ರಲ್ಲಿ. 41 ವರ್ಷ ತಡ!

ನನ್ನದೂ ಹೇಳಿಬಿಡುತ್ತೇನೆ. ಒಂದೂರಲ್ಲಿ ಎರಡು ಗುಂಪಿನ ಗಲಾಟೆ, ಕಲ್ಲು ತೂರಾಟ. ಇಬ್ಬರನ್ನು ಹತ್ತಿಸಿಕೊಳ್ಳುವಷ್ಟರಲ್ಲಿ ಮುಂದಿನ ಗಾಜು ಹೋಯ್ತು. ಆಸ್ಪತ್ರೆಗೆ ಬಿಟ್ಟೆ. ಇನ್ನೊಬ್ಬ ಅಲ್ಲೇ ಬಿದ್ದಿದ್ದಾನೆ, ವಾಪಸ್ ಹೋಗು ಅಂದರು. ಗಾಜು ಒಡೆದಿದೆ, ಬೇರೆ ಗಾಡಿ ಕಳಿಸಿ ಅಂದೆ. ಗಾಜಿಲ್ಲದೆಯೂ ಗಾಡಿ ಓಡುತ್ತಿತ್ತು.